ಕೊಟ್ರ ಎಂಬ ಹೆಸರಿನ ಸೀಮೆ

ಕೆಲವು ವರ್ಷಗಳ ಹಿಂದಿನ ಮಾತು. ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯ ಕಿಟಕಿ ಮುಂದೆ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಎಪ್ಪತ್ತು ದಾಟಿದ ಅಜ್ಜಿ. ಒಳಗಿದ್ದ ಗುಮಾಸ್ತ ಅರ್ಜಿ ತುಂಬುತ್ತಾ, "ಯಜಮಾನ್ರ ಹೆಸರೇನವ್ವಾ?" ಎಂದ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಸಣ್ಣಗೆ ನಕ್ಕಳು. "ಅದಪ್ಪಾ, ಶಿವರಾತ್ರಿಗೆ ನಾಕು ದಿನ ಮುಂಚೆ ತೇರು ಎಳೀತಾರಲ್ಲ, ಆ ಸ್ವಾಮಿ ಹೆಸ್ರು." ಗುಮಾಸ್ತ ತಲೆ ಎತ್ತಲಿಲ್ಲ, ನಗಲೂ ಇಲ್ಲ. "ಕೊಟ್ರಪ್ಪನೋ, ಕೊಟ್ರಯ್ಯನೋ?" ಎಂದು ಕೇಳಿದ. "ನಾವು ಅಯ್ಯನೋರಲ್ಲಪ್ಪ." "ಹಂಗಾದ್ರೆ ಅಪ್ಪ" ಎಂದು ಬರೆದುಕೊಂಡು ಮುಂದಿನ ಕಾಲಮ್ಮಿಗೆ ಹೋದ.

ಬೇರೆ ಜಿಲ್ಲೆಯವರಿಗೆ ಇದು ಒಗಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಮಾತ್ರ ದಿನದ ಮಾತು. ಗಂಡನ ಹೆಸರು ಹೇಳಬಾರದು ಎಂಬ ಹಳೆಯ ಕಟ್ಟು, ಆ ಹೆಸರು ದೇವರದ್ದೂ ಆಗಿರುವ ಪೇಚು, ಕೊನೆಗೆ 'ಅಪ್ಪ'ನೋ 'ಅಯ್ಯ'ನೋ ಎಂಬಲ್ಲಿ ಹೊರಬೀಳುವ ಜಾತಿಯ ಗುರುತು, ಮೂರೂ ಆ ನಾಲ್ಕು ಮಾತಿನಲ್ಲಿದ್ದವು. ಅವತ್ತಿನಿಂದ ಈ ಹೆಸರು ನನ್ನ ಬೆನ್ನು ಹತ್ತಿದೆ.

ಹೆಸರಿನ ಮೂಲದಲ್ಲೇ ಒಂದು ತಮಾಷೆಯಿದೆ. ಅಜ್ಜಿ ಹೇಳಿದ ತೇರಿನ ಸ್ವಾಮಿ, ಕೊಟ್ಟೂರಿನ ಗುರು. ಆತನ ಹೆಸರು ಕೊಟ್ರ ಅಲ್ಲ, ಬಸವ. ಗುರು ಬಸವೇಶ್ವರ. ಕಲ್ಯಾಣದ ಬಸವಣ್ಣನಿಗೂ ಈತನಿಗೂ ನಡುವೆ ಶತಮಾನಗಳ ಅಂತರ. ಹೆಸರು ಮಾತ್ರ ಒಂದೇ ಆದ್ದರಿಂದ, ಯಾವ ಬಸವ ಎಂದು ಕೇಳಿದವರಿಗೆ 'ಕೊಟ್ಟೂರ ಬಸವ' ಎಂದು ಊರನ್ನು ಮುಂದಿಟ್ಟು ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ಬಸವ ಕಳಚಿಬಿದ್ದು ಊರು ಉಳಿಯಿತು. ಕೊಟ್ಟೂರಿನ ಈಶ ಕೊಟ್ಟೂರೇಶ. ಆಡುಮಾತು ನಡುವಿನ ದೀರ್ಘವನ್ನು ನುಂಗಿದಾಗ ಕೊಟ್ರೇಶ. ಹರಪನಹಳ್ಳಿಯನ್ನು 'ಹರ್ಪನಳ್ಳಿ' ಎಂದೂ ಹಗರಿಬೊಮ್ಮನಹಳ್ಳಿಯನ್ನು 'ಎಚ್‌ಬಿ ಹಳ್ಳಿ' ಎಂದೂ ಮೊಟಕುಮಾಡಿ ಮುಂದೆ ಸಾಗುವ ಜನಕ್ಕೆ ಇದೇನೂ ಕಷ್ಟದ ಕೆಲಸವಲ್ಲ. ಹೀಗೆ ಊರಿನ ಹೆಸರು ದೇವರ ಹೆಸರಾಯಿತು, ದೇವರ ಹೆಸರು ಮನುಷ್ಯನ ಹೆಸರಾಯಿತು. ಈಗ ಮನುಷ್ಯನ ಹೆಸರು ಕೇಳಿದರೆ ಊರು ಗೊತ್ತಾಗುತ್ತದೆ. ಸುತ್ತು ಪೂರ್ತಿ.

ಕೊಟ್ಟೂರು ಎಂಬ ಊರುಗಳು ದಕ್ಷಿಣದಲ್ಲಿ ಹಲವಿವೆ. ಸಮುದ್ರಗುಪ್ತನ ಅಲಹಾಬಾದ್ ಕಂಬದ ಶಾಸನದಲ್ಲೂ ಒಂದು ಕೊಟ್ಟೂರ ಬರುತ್ತದೆ. ಅದನ್ನು ವಿದ್ವಾಂಸರು ಹೆಚ್ಚಾಗಿ ಕಳಿಂಗದ ಕಡೆ ಹುಡುಕುತ್ತಾರೆ. ನಮ್ಮ ಊರಿಗೆ ಶಿಖಾಪುರ ಎಂಬ ಹಳೆಯ ಹೆಸರನ್ನು ಭಕ್ತರು ಹೇಳುತ್ತಾರೆ. ಆ ಹೆಸರನ್ನು ಯಾರೂ ಮಗನಿಗಿಟ್ಟಂತೆ ಕಾಣೆ.

ಗುರುವಿನ ಕಾಲ ಯಾವುದು? ಐತಿಹ್ಯ ಅಕ್ಬರ್ ಬಾದಶಹನ ಹೆಸರೆತ್ತುತ್ತದೆ. ಅಕ್ಬರ್ ಆಳಿದ್ದು 1556ರಿಂದ 1605ರವರೆಗೆ. ದಿಲ್ಲಿಯ ಬಾದಶಹನನ್ನು ತಮ್ಮ ಗುರುವಿನ ಮುಂದೆ ತಲೆಬಾಗಿಸದ ಐತಿಹ್ಯ ನಮ್ಮಲ್ಲಿ ಅಪರೂಪ. ಹಾಗಾಗಿ ಆ ಕಥೆಯನ್ನು ಸಾಕ್ಷಿಯೆಂದು ನಾನು ಹಿಡಿಯುವುದಿಲ್ಲ. ಆದರೆ ಅದು ತೋರಿಸುವ ಕಾಲ ಈ ಸೀಮೆಯ ಇತಿಹಾಸಕ್ಕೆ ಹೊಂದಿಕೊಳ್ಳುತ್ತದೆ. 1565ರಲ್ಲಿ ತಾಳಿಕೋಟೆಯ ಯುದ್ಧ ನಡೆದು ವಿಜಯನಗರದ ರಾಜಧಾನಿ ಹಾಳುಬಿತ್ತು. ಇಲ್ಲಿಂದ ಹಂಪಿ ದೂರವೇನಲ್ಲ. ಅಲ್ಲಿ ಅರಸೊತ್ತಿಗೆ ಮುರಿದುಬಿದ್ದ ಮೇಲೆ ಹರಪನಹಳ್ಳಿ, ಜರಿಮಲೆ, ಗುಡೇಕೋಟೆ, ಚಿತ್ರದುರ್ಗದ ಪಾಳೆಯಗಾರರು ತಲೆಯೆತ್ತಿದರು. ಒಬ್ಬರ ಊರಿನ ಮೇಲೆ ಇನ್ನೊಬ್ಬರು ಏರಿಹೋಗುವ ಕಾಲ. ರೈತನಿಗೆ ಈ ವರ್ಷ ಕಂದಾಯ ಕೊಡಬೇಕಾದದ್ದು ಯಾರಿಗೆ ಎಂಬುದೇ ಸ್ಪಷ್ಟವಿಲ್ಲದಿದ್ದಾಗ, ಕದಲದೆ ಕೂತದ್ದು ಮಠ.

ಆ ಕಾಲಕ್ಕೆ ಜನಮನ ಐದು ಮಂದಿ ಗುರುಗಳನ್ನು ಒಟ್ಟಿಗೆ ಪೋಣಿಸಿ ಪಂಚಗಣಾಧೀಶ್ವರರು ಎಂದು ಕರೆಯಿತು. ಕೊಟ್ಟೂರಿನ ಗುರು ಬಸವ, ಹರಪನಹಳ್ಳಿಯ ಕೆಂಪೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಇಲ್ಲಿ ಅರಸೀಕೆರೆ ಎಂದರೆ ಹಾಸನ ಜಿಲ್ಲೆಯ ರೈಲು ಜಂಕ್ಷನ್ ಅಲ್ಲ, ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಊರು. ಐವರಲ್ಲಿ ಮೂವರು ಹರಪನಹಳ್ಳಿ ತಾಲ್ಲೂಕಿನವರೇ. ತಿಪ್ಪೇಸ್ವಾಮಿ ಒಬ್ಬ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಗೆ ಹೋಗಿ ನೆಲೆಸಿ, ಅಲ್ಲಿ ಕೆರೆ ಕಟ್ಟಿಸಿ, ದುಡಿದವರಿಗೆ ದುಡಿದಷ್ಟೇ ಕೂಲಿ ಎಣಿಸಿಕೊಟ್ಟ ಕಥೆ ಹಳ್ಳಿಹಳ್ಳಿಯಲ್ಲೂ ಇದೆ. ಪವಾಡಕಥೆಗಳ ರಾಶಿಯಲ್ಲಿ ನನಗೆ ನಂಬಿಕೆ ಹುಟ್ಟಿಸುವುದು ಇಂಥದ್ದು. ಮಳೆ ನಂಬಲಾಗದ ನೆಲದಲ್ಲಿ ಕೆರೆಗಿಂತ ದೊಡ್ಡ ಪವಾಡ ಯಾವುದು?

ಈ ಐವರೂ ಈ ಬಯಲಿಗೆ ಹೆಸರುಗಳ ಫಸಲನ್ನೇ ಕೊಟ್ಟರು. ಗೋಣಿಬಸಪ್ಪ ಎಂದರೆ ಕೂಲಹಳ್ಳಿಯ ಒಕ್ಕಲು, ಅಲ್ಲಿನ ಮದ್ದಾನಸ್ವಾಮಿಗೆ ಗೋಣಿಬಸವೇಶ್ವರ ಎಂಬುದೇ ಜನ ಕರೆಯುವ ಹೆಸರು. ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪೇಶ, ತಿಪ್ಪಮ್ಮ ಎಂದರೆ ನಾಯಕನಹಟ್ಟಿಯ ದಿಕ್ಕು. ಇವರೊಳಗೆ ಹೆಚ್ಚು ದೂರ ನಡೆದ ಹೆಸರು ಕೊಟ್ರನದು. ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಗೌಡ, ಕೊಟ್ರಬಸಪ್ಪ, ಕೊಟ್ರಮ್ಮ, ಕೊಟ್ರವ್ವ, ಕೊಟ್ರೇಶ. ಬಾಲ ನೋಡಿದರೆ ಮನೆ ಗೊತ್ತಾಗುತ್ತಿತ್ತು. ಜಂಗಮರ ಮನೆಯಾದರೆ 'ಅಯ್ಯ', ಊರ ಯಜಮಾನಿಕೆಯ ಮನೆಯಾದರೆ 'ಗೌಡ', ಮಿಕ್ಕವರಿಗೆ 'ಅಪ್ಪ'. ಬಾಲ ಬೇರೆಯಾದರೂ ತಲೆ ಒಂದೇ. ಲಿಂಗಾಯತರ ಮನೆಯಲ್ಲಿ ಕೊಟ್ರನಿರುವಂತೆ ನಾಯಕರ ಮನೆಯಲ್ಲೂ ಕುರುಬರ ಮನೆಯಲ್ಲೂ ದಲಿತರ ಕೇರಿಯಲ್ಲೂ ಇದ್ದಾನೆ. ತೇರು ಕದಲುವ ಮುನ್ನ ದಲಿತ ಕೇರಿಯ ಹೆಂಗಸರು ಕಳಸದಾರತಿ ಬೆಳಗುವ ಸಂಪ್ರದಾಯ ಕೊಟ್ಟೂರಿನಲ್ಲಿದೆ. ಆರತಿಯ ಹಕ್ಕಿದ್ದಲ್ಲಿ ಹೆಸರಿನ ಹಕ್ಕೂ ಇರುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ. ಹಾಗೆಂದು ಊರೊಳಗಿನ ಉಳಿದ ಹಕ್ಕುಗಳೆಲ್ಲ ಸಮನಾಗಿದ್ದವೆಂದು ಯಾರೂ ತಿಳಿಯಬೇಕಿಲ್ಲ.

ಸಂತನ ಹೆಸರನ್ನು ಮಗುವಿಗೆ ಇಡುವ ರೂಢಿ ಜಗತ್ತಿನಲ್ಲೆಲ್ಲ ಇದೆ. ಇಡುವ ಬಗೆ ಬೇರೆ. ಐರ್ಲೆಂಡಿನಲ್ಲಿ ಪ್ಯಾಟ್ರಿಕ್ ಸಂತನ ಮೇಲಿನ ಭಯಭಕ್ತಿ ಎಷ್ಟಿತ್ತೆಂದರೆ, ಶತಮಾನಗಳ ಕಾಲ ಆ ಹೆಸರನ್ನು ಹಾಗೆಯೇ ಮಗುವಿಗೆ ಇಡಲು ಜನ ಹಿಂಜರಿದರು. 'ಪ್ಯಾಟ್ರಿಕ್‌ನ ಆಳು' ಎಂಬ ಅರ್ಥ ಬರುವಂತೆ ಗಿಲ್ಲಾ ಪ್ಯಾಟ್ರಿಕ್ ಎಂದು ಇಡುತ್ತಿದ್ದರು. ಇವತ್ತು ಐರಿಷ್ ಎಂದರೆ ಪ್ಯಾಟ್ರಿಕ್ ಎನ್ನುವಷ್ಟು ಆ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ, ಹದಿನೇಳನೇ ಶತಮಾನದ ಆಚೀಚೆ. ನಮ್ಮವರಿಗೆ ಅಂಥ ಅಂಜಿಕೆ ಇರಲಿಲ್ಲ. ದೇವರ ಹೆಸರನ್ನು ನೇರ ಎತ್ತಿಕೊಂಡು, ಅದಕ್ಕೆ 'ಅಪ್ಪ' ಸೇರಿಸಿ, ತೊಟ್ಟಿಲಲ್ಲಿರುವ ಕೂಸನ್ನೇ ಅಪ್ಪನನ್ನಾಗಿ ಮಾಡಿದರು. ಮೂರು ತಿಂಗಳ ಕೊಟ್ರಪ್ಪ ಕೂಗಿದರೆ ಮನೆಯೆಲ್ಲ ಓಡುವುದರಲ್ಲಿ ಅರ್ಥವಿದೆ.

ಅಂಜಿಕೆ ಇದ್ದದ್ದು ಬೇರೆ ಕಡೆ, ಸೊಸೆಯ ಬಾಯಲ್ಲಿ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ಈ ಕಡೆಯ ಪದ್ಧತಿ. ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲ. ಆದ್ದರಿಂದ ತಾನೇ ಹೆತ್ತ ಮಗನನ್ನು ತಾಯಿ ಹೆಸರು ಹಿಡಿದು ಕರೆಯುವಂತಿಲ್ಲ. ನಮ್ಮ ಓಣಿಯಲ್ಲಿ ಒಬ್ಬಾಕೆ ಮಗನನ್ನು ಹುಟ್ಟಿದಾಗಿನಿಂದ 'ಅಜ್ಜಯ್ಯ' ಎಂದೇ ಕರೆದಳು. ಅವನು ಶಾಲೆಗೆ ಸೇರುವ ದಿನ ಮೇಷ್ಟ್ರು "ಕೊಟ್ರೇಶ" ಎಂದು ಹಾಜರಿ ಕೂಗಿದಾಗ ಹುಡುಗ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದನಂತೆ. ಗುಡಿಯಲ್ಲಿ ಈ ಹೆಂಗಸರ ಪಾಡು ಇನ್ನೂ ಸೊಗಸು. ಎದುರಿಗೆ ಕೊಟ್ಟೂರೇಶ್ವರ, ಮನೆಯಲ್ಲಿ ಕೊಟ್ರಪ್ಪ. ಬಾಯಿಬಿಟ್ಟು ಕೂಗುವುದು ಹೇಗೆ? "ಗುರು ಬಸವಾ" ಎಂದು ಕೈಮುಗಿಯುತ್ತಿದ್ದರು. ಜನ ಮರೆತ ಗುರುವಿನ ಸ್ವಂತ ಹೆಸರನ್ನು ಕೊಟ್ರಪ್ಪಂದಿರ ಹೆಂಡಿರು ಕಾಪಾಡಿದರೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಇದು ನನ್ನ ಊಹೆ, ಯಾವ ಪುರಾಣದಲ್ಲೂ ಹುಡುಕಬೇಡಿ.

ಊರೊಳಗೆ ಗುರುವಿನ ನೆಲೆ ಒಂದಲ್ಲ. ಮೂಲಮೂರ್ತಿ ಇರುವ ಹಿರೇಮಠ, ಯೋಗಸಮಾಧಿಯಾದ ಗಚ್ಚಿನಮಠ, ತೊಟ್ಟಿಲುಮಠ, ಜೊತೆಗೆ ಮರಿಕೊಟ್ಟೂರೇಶ್ವರನ ಗುಡಿ. ಗಚ್ಚಿನಮಠದ ಒಳಗೆ ಹೊರಗಿನ ಬಿಸಿಲು ಒಮ್ಮೆಗೇ ಬಿಟ್ಟುಹೋಗಿ ಕಾಲಿಗೆ ತಣ್ಣನೆಯ ಕಲ್ಲು ತಾಗುತ್ತದೆ. ಮಾಘ ಬಹುಳ ದಶಮಿಯ ಹೊತ್ತಿಗೆ ಈ ಬಯಲಲ್ಲಿ ಆಗಲೇ ಬೇಸಿಗೆ ಕಾಲಿಟ್ಟಿರುತ್ತದೆ, ಆ ತಂಪಿನ ಬೆಲೆ ಆಗ ತಿಳಿಯುತ್ತದೆ. ಅವತ್ತು ಮೂಲಾ ನಕ್ಷತ್ರದ ಗಳಿಗೆಯಲ್ಲಿ ತೇರು. ದಾವಣಗೆರೆ ಕಡೆಯಿಂದ ದಿನಗಟ್ಟಲೆ ನಡೆದು ಬಂದವರು ಕಾಲಿನ ಬೊಬ್ಬೆಗೆ ಎಣ್ಣೆ ಸವರಿಕೊಳ್ಳುತ್ತಾ ಕೂತಿರುತ್ತಾರೆ. ತೇರು ಅಲುಗಿದೊಡನೆ ಬಾಳೆಹಣ್ಣು, ಉತ್ತತ್ತಿ ಮಳೆಯಂತೆ ಬೀಳುತ್ತವೆ. ಎಸೆಯುವ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಪೆನ್ನಿನಲ್ಲಿ ಬೇಡಿಕೆ ಬರೆಯುವುದು ಈಚಿನ ಚಾಳಿ. ಪರೀಕ್ಷೆ ಪಾಸಾಗಲಿ, ಕನ್ಯೆ ಸಿಗಲಿ, ಇಂಥ ಪಕ್ಷ ಗೆಲ್ಲಲಿ. ಆ ಗದ್ದಲದಲ್ಲಿ ಕೈತಪ್ಪಿದ ಮಗನನ್ನು "ಏ ಕೊಟ್ರಾ!" ಎಂದು ಕೂಗುವುದು ದಂಡ. ಗೊತ್ತಿದ್ದವರು ಅಂಗಿಯ ಬಣ್ಣ ಹೇಳಿ ಹುಡುಕುತ್ತಾರೆ.

2017ರ ಫೆಬ್ರವರಿ 21ರಂದು ಆ ತೇರು ಉರುಳಿಬಿತ್ತು. ನೋಡಿದವರು ಇವತ್ತಿಗೂ ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ. ಆಮೇಲೆ ಹೊಸ ತೇರು ಬಂತು, ಜಾತ್ರೆ ಮತ್ತೆ ಕೂಡಿತು.

ಗುರುಗಳ ಹೆಸರು ಉಳಿದಂತೆ ಅರಸರ ಹೆಸರು ಉಳಿಯಲಿಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ನೋಡಿ. ಹನ್ನೆರಡನೇ ಶತಮಾನದಲ್ಲಿ ಅದು ಉಚ್ಚಂಗಿ ಪಾಂಡ್ಯರ ರಾಜಧಾನಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಆ ಕೋಟೆಯನ್ನು ಹಿಡಿದು 'ಗಿರಿದುರ್ಗಮಲ್ಲ' ಎಂದೂ 'ಶನಿವಾರಸಿದ್ಧಿ' ಎಂದೂ ಬಿರುದು ಕಟ್ಟಿಕೊಂಡ. ಬಾಗಳಿ, ಕುರುವತ್ತಿ, ಹಿರೇಹಡಗಲಿಯ ಚಾಲುಕ್ಯ ಗುಡಿಗಳ ಶಾಸನಗಳಲ್ಲಿ ಇಂಥ ಬಿರುದುಗಳು ಸಾಲುಗಟ್ಟಿವೆ. ಇವತ್ತು ಈ ಕಡೆ ತ್ರಿಭುವನಮಲ್ಲ ಎಂಬ ಹುಡುಗ ಇಲ್ಲ, ಇರುಕ್ಕವೇಳನೂ ಇಲ್ಲ. ಉಚ್ಚಂಗೆಪ್ಪ ಇದ್ದಾನೆ, ಉಚ್ಚಂಗೆಮ್ಮ ಇದ್ದಾಳೆ. ಕೋಟೆ ಗೆದ್ದವರ ಹೆಸರು ಕಲ್ಲಿನಲ್ಲಿ ಉಳಿಯಿತು. ಕೋಟೆಯೊಳಗೆ ಕೂತ ದೇವಿಯ ಹೆಸರು ಹೊಲಗದ್ದೆಗೆ ಇಳಿದುಬಂತು.

ಕೊಟ್ರನ ಸೀಮೆಗೆ ಗಡಿಗಲ್ಲಿನಂತೆ ಬೇರೆ ಹೆಸರುಗಳಿವೆ. ಪಶ್ಚಿಮಕ್ಕೆ ಹಡಗಲಿ ದಾಟಿ ತುಂಗಭದ್ರೆಯ ದಡಕ್ಕೆ ಹೋದರೆ ಮೈಲಾರಪ್ಪ ಎದುರಾಗುತ್ತಾನೆ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ, ಅದನ್ನು ಕೇಳಿ ಬಂದವರೇ ಮುಂದೆ ಹತ್ತು ದಿನದೊಳಗೆ ಕೊಟ್ಟೂರ ತೇರಿಗೆ ಸಿದ್ಧರಾಗುತ್ತಾರೆ. ಹಾಗಾಗಿ ಹಡಗಲಿಯ ಒಂದೇ ಮನೆಯಲ್ಲಿ ಅಣ್ಣ ಮೈಲಾರಪ್ಪ, ತಮ್ಮ ಕೊಟ್ರೇಶ ಆಗಿದ್ದರೆ ಆಶ್ಚರ್ಯವಿಲ್ಲ. ಉಜ್ಜಿನಿಯ ಸುತ್ತ ಮರುಳಸಿದ್ಧಪ್ಪಂದಿರು. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಎಂಬ ಗಾದೆಯ ಉಜ್ಜಿನಿ ಇದೇ, ಪಂಚಪೀಠಗಳಲ್ಲೊಂದರ ನೆಲೆ, ಕೊಟ್ಟೂರಿಗೆ ತೀರ ಹತ್ತಿರ. ಪೂರ್ವಕ್ಕೆ ಕೂಡ್ಲಿಗಿ ದಾಟಿ ಗುಡೇಕೋಟೆಯ ಕರಡಿಗುಡ್ಡಗಳ ಕಡೆ ನಡೆದರೆ ಕೊಟ್ರ ತೆಳ್ಳಗಾಗಿ ಓಬ ದಟ್ಟವಾಗುತ್ತಾನೆ. ಓಬಣ್ಣ, ಓಬಯ್ಯ, ಓಬಳೇಶ, ಓಬವ್ವ. ಆಂಧ್ರದ ಅಹೋಬಲದ ನರಸಿಂಹ ಓಬಳನಾಗಿ ಇಲ್ಲಿಯವರೆಗೆ ಬಂದಿದ್ದಾನೆ. ಚಿತ್ರದುರ್ಗದ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದುಹಾಕಿದ ಓಬವ್ವ ತಮ್ಮೂರ ಮಗಳು ಎಂಬುದು ಗುಡೇಕೋಟೆಯವರ ಹೆಮ್ಮೆ. ಆಕೆಯ ಗಂಡ ಕೋಟೆಯ ಕಹಳೆಯವನು. ದುರ್ಗ 1779ರಲ್ಲಿ ಬಿತ್ತು, ಓಬವ್ವನ ಹೆಸರು ಬೀಳಲಿಲ್ಲ. 2021ರಿಂದ ಸರ್ಕಾರ ನವೆಂಬರ್ 11ರಂದು ಆಕೆಯ ಜಯಂತಿ ಆಚರಿಸುತ್ತಿದೆ.

ಈ ಹೆಸರುಗಳ ಸೀಮೆಗೂ ಸರ್ಕಾರಗಳು ಎಳೆದ ಗೆರೆಗೂ ಯಾವತ್ತೂ ತಾಳೆಯಾಗಿಲ್ಲ. 1800ರಲ್ಲಿ ನಿಜಾಮ ಈ ಪ್ರದೇಶವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಬಂದು ಕಂದಾಯ ಲೆಕ್ಕ ಬರೆಸಿದ. ಅಲ್ಲಿಂದ ಒಂದೂವರೆ ಶತಮಾನ ಕೊಟ್ಟೂರ ಕೊಟ್ರಪ್ಪ ಮದ್ರಾಸಿನ ಪ್ರಜೆ. ಅವನ ಮಗಳನ್ನು ಕೊಟ್ಟ ದಾವಣಗೆರೆಯ ಕೊಟ್ರಪ್ಪ ಮೈಸೂರು ಮಹಾರಾಜರ ಪ್ರಜೆ. ಹೊಳೆಯಾಚೆ ರಾಣೆಬೆನ್ನೂರಿನ ಕೊಟ್ರಪ್ಪ ಮುಂಬೈ ಪ್ರಾಂತ್ಯದವನು. ಮೂವರ ಕೋರ್ಟು ಬೇರೆ, ಕಾನೂನು ಬೇರೆ, ತೇರು ಒಂದೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಕೊಟ್ಟೂರಿನ ಕಥೆಗಾರ ಕುಂ. ವೀರಭದ್ರಪ್ಪನವರ ಜನ್ಮದಿನವೂ ಅದೇ ದಿನಾಂಕ. ಮನ್ರೋನನ್ನು ಪಾತ್ರವಾಗಿಸಿಕೊಂಡ ಅವರ 'ಅರಮನೆ' ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೂ ಗೆರೆಗಳು ಅಲುಗುತ್ತಲೇ ಇದ್ದವು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ಎರಡು ದಶಕ ಕಳೆದು ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಕೊಟ್ಟೂರೂ ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ರೇಷನ್ ಕಾರ್ಡಿನಲ್ಲಿ ಜಿಲ್ಲೆಯ ಹೆಸರು ಮೂರು ಸಲ ತಿದ್ದಿಸಿಕೊಂಡ ಕೊಟ್ರೇಶರು ಹರಪನಹಳ್ಳಿಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ.

ಹೆಸರು ಹೊತ್ತವರಲ್ಲಿ ನನಗೆ ಪ್ರಿಯರಾದವರು ಇತಿಹಾಸಕಾರ ಡಾ. ಸಿ.ಟಿ.ಎಂ. ಕೊಟ್ರಯ್ಯ. ವಿಜಯನಗರವೆಂದರೆ ಆನೆ, ಕುದುರೆ, ರತ್ನದ ಅಂಗಡಿ ಎಂದು ಬಣ್ಣಿಸುವವರ ನಡುವೆ ಅವರು ಆ ಸಾಮ್ರಾಜ್ಯದ ಕೆರೆ, ಕಾಲುವೆ, ಅಣೆಕಟ್ಟುಗಳ ಲೆಕ್ಕ ಹಿಡಿದರು. ಆ ಕಾಲದ ಅರಮನೆ, ರಾಜಧಾನಿ, ಆಸ್ಥಾನಗಳ ಬಗ್ಗೆ ಕನ್ನಡ ಕಾವ್ಯಗಳು ಹೇಳುವುದನ್ನು ಆಯ್ದು ಇಂಗ್ಲಿಷಿಗೆ ತಂದ ಅವರ ಸಂಕಲನ 2003ರಲ್ಲಿ, ಅನ್ನಾ ದಲ್ಲಾಪಿಕೋಲಾ ಅವರ ಸಂಪಾದನೆಯಲ್ಲಿ ಹೊರಬಂತು. ಪೋರ್ಚುಗೀಸ್ ಪ್ರವಾಸಿಗಳ ಮಾತನ್ನೇ ಓದಿಕೊಂಡಿದ್ದ ಹೊರನಾಡಿನ ವಿದ್ವಾಂಸರಿಗೆ ಕನ್ನಡದ ಸಾಕ್ಷಿ ಅದರಿಂದ ಕೈಗೆಟುಕಿತು. ವಿಜಯನಗರ ಬಿದ್ದ ಮೇಲೆ ಈ ಬಯಲಲ್ಲಿ ಬೆಳೆದ ಒಂದು ಹೆಸರು, ನಾಲ್ಕು ಶತಮಾನ ಕಳೆದು ಬಂದು ಅದೇ ವಿಜಯನಗರದ ನೀರಿನ ದಾರಿ ಹುಡುಕಿತು. ಬಳ್ಳಾರಿಯ ಶಿಕ್ಷಕ ತರಬೇತಿ ಕಾಲೇಜು ಕೂಡ ಕೊಟ್ಟೂರುಸ್ವಾಮಿಯ ಹೆಸರಿನದೇ, ಅಲ್ಲಿ ಕಲಿತು ಮೇಷ್ಟ್ರಾದವರು ಹಳ್ಳಿಯ ಹಾಜರಿ ಪುಸ್ತಕಗಳಲ್ಲಿ ಕೊಟ್ರರ ಹೆಸರು ಬರೆದರು.

ಹಾಜರಿ ಪುಸ್ತಕದಲ್ಲೇ ಹೆಸರು ಬದಲಾದದ್ದೂ. ತಂದೆ ಕೊಟ್ರಪ್ಪ, ಮಗ ಕೊಟ್ರೇಶ. 'ಅಪ್ಪ' ಹಳ್ಳಿಯದು, 'ಈಶ' ಪೇಟೆಯದು ಎಂಬ ಭಾವನೆ ಯಾವಾಗಲೋ ಹೊಕ್ಕಿತು. ಅನುಕೂಲವೆಂದರೆ, ಅಪ್ಪ-ಅಯ್ಯ-ಗೌಡ ಎಂಬ ಬಾಲಗಳು ಉದುರಿ ಎಲ್ಲರೂ ಕೊಟ್ರೇಶರಾದರು. ಕಿಟಕಿಯೊಳಗಿನ ಗುಮಾಸ್ತ ಈಗ "ಅಪ್ಪನೋ ಅಯ್ಯನೋ" ಎಂದು ಕೇಳುವಂತಿಲ್ಲ. ಆದರೆ ಇಂಗ್ಲಿಷಿನಲ್ಲಿ ಒಂದು 'ಟಿ'ಯೋ ಎರಡು 'ಟಿ'ಯೋ, ಕೊನೆಗೆ 'ಎ' ಉಂಟೋ ಇಲ್ಲವೋ ಎಂಬ ಹೊಸ ತಕರಾರು ಹುಟ್ಟಿತು. ಆಧಾರಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು, ಪಹಣಿಯಲ್ಲಿ ತಾತನ ಹೆಸರು. ಅಫಿಡವಿಟ್ ಬರೆಯುವವರಿಗೆ ಕೈತುಂಬ ಕೆಲಸ. ಕೊಟ್ರೇಶನ ಮಗ ಈಗ ಯಶಸ್ ಅಥವಾ ಚಿರಂತ್. ಹೆಸರು ಕೇಳಿದರೆ ಊರು ತಿಳಿಯುವುದಿಲ್ಲ. ಹರಕೆ ಹೊತ್ತವರು ಮಾತ್ರ ಬಿಡಲಾಗದೆ 'ಕೊಟ್ರೇಶ' ಎಂಬುದನ್ನು ಎರಡನೆಯ ಹೆಸರಾಗಿ ತೊಟ್ಟಿಲ ದಿನ ಕಿವಿಯಲ್ಲಿ ಹೇಳಿ, ಜನನ ಪ್ರಮಾಣಪತ್ರದಲ್ಲಿ ಬರೆಸದೆ ಬಿಡುತ್ತಾರೆ.

ಮರೆಯಾಗುತ್ತಿರುವ ಈ ಹೆಸರುಗಳ ಜಾಡು ಹಿಡಿಯಲು ಒಂದು ದಾರಿಯಿದೆ. ಕೊಟ್ರನ ಸೀಮೆಯ ಐದು ತಾಲ್ಲೂಕುಗಳ ಹಳೆಯ ಪ್ರಾಥಮಿಕ ಶಾಲೆಗಳ ಬೀರುಗಳಲ್ಲಿ ಸ್ವಾತಂತ್ರ್ಯಪೂರ್ವದ ದಾಖಲಾತಿ ಪುಸ್ತಕಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಊರು, ಕಸುಬು ಒಂದೇ ಸಾಲಿನಲ್ಲಿ ಸಿಗುವ ದಾಖಲೆ ನಮ್ಮಲ್ಲಿ ಬೇರೆ ಇಲ್ಲ. ಹಾಳೆಗಳು ಮುಟ್ಟಿದರೆ ಪುಡಿಯಾಗುವ ಹಂತಕ್ಕೆ ಬಂದಿವೆ, ಕೆಲವಕ್ಕೆ ಗೆದ್ದಲು ಹತ್ತಿದೆ. ಮುಖ್ಯಗುರುಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಬೀರು ಸ್ವಚ್ಛ ಮಾಡುವಾಗ ಅವನ್ನು ರದ್ದಿಗೆ ಹಾಕಬೇಡಿ, ಫೋನಿನಲ್ಲಾದರೂ ಒಂದೊಂದು ಪುಟದ ಚಿತ್ರ ತೆಗೆದಿಡಿ.